ಕದ್ದ ಬೆಂಕಿ, ಕಾಯ್ದ ದೀಪ

ಮಾಂಸದ ಪಾಲಿನ ಜಗಳದಿಂದ ಆ ಕಥೆ ಶುರುವಾಗುತ್ತದೆ. ಕ್ರಿಸ್ತಪೂರ್ವ 700ರ ಆಸುಪಾಸಿನಲ್ಲಿ ಬಾಳಿದ ಗ್ರೀಕ್ ಕವಿ ಹೆಸಿಯಡ್ ಹೇಳುವಂತೆ, ದೇವತೆಗಳಿಗೆಷ್ಟು, ಮನುಷ್ಯರಿಗೆಷ್ಟು ಎಂಬುದು ಮೆಕೋನೆ ಎಂಬಲ್ಲಿ ಇತ್ಯರ್ಥವಾಗಬೇಕಿತ್ತು. ದೊಡ್ಡ ಎತ್ತೊಂದನ್ನು ಕಡಿದು ಪಾಲು ಹಾಕುವ ಕೆಲಸ ಹಳೆಯ ಪೀಳಿಗೆಯ ದೇವನಾದ ಪ್ರೊಮಿಥಿಯಸ್‌ನ ಪಾಲಿಗೆ ಬಂತು. ಅವನು ಒಳ್ಳೆಯ ಮಾಂಸವನ್ನೆಲ್ಲ ಎತ್ತಿನ ಹೊಟ್ಟೆಚೀಲದೊಳಗೆ ತುರುಕಿ ಮರೆಮಾಡಿದ. ಬರೀ ಮೂಳೆಗಳನ್ನು ಬೆಳ್ಳಗೆ ಹೊಳೆಯುವ ಕೊಬ್ಬಿನಲ್ಲಿ ಸುತ್ತಿ ಇನ್ನೊಂದು ಗುಡ್ಡೆ ಮಾಡಿದ. ದೇವರಾಜ ಜೀಯಸ್ ಮುಂದೆ ಎರಡನ್ನೂ ಇಟ್ಟು ಆರಿಸಿಕೊಳ್ಳಲು ಹೇಳಿದ. ಜೀಯಸ್ ಕೊಬ್ಬಿನ ಗುಡ್ಡೆಯನ್ನು ಎತ್ತಿಕೊಂಡ. ಮೋಸ ಅವನಿಗೆ ಮೊದಲೇ ತಿಳಿದಿತ್ತು ಎಂದು ಕವಿ ಸೇರಿಸುತ್ತಾನೆ. ಅಂದಿನಿಂದ ಗ್ರೀಕರ ಬಲಿಪೀಠದಲ್ಲಿ ದೇವರಿಗೆ ಮೂಳೆಯ ಹೊಗೆ, ಜನರಿಗೆ ಮಾಂಸ.

ಮಾಂಸ ಸಿಕ್ಕಿದವರಿಗೆ ಅದನ್ನು ಬೇಯಿಸಲು ಬೆಂಕಿ ಸಿಗದಂತೆ ಮಾಡಿದ್ದು ಜೀಯಸ್‌ನ ಸೇಡು. ಪ್ರೊಮಿಥಿಯಸ್ ಮತ್ತೆ ಕದ್ದ, ಈ ಸಲ ಬೆಂಕಿಯನ್ನೇ. ನಾರ್ಥೆಕ್ಸ್ ಎಂಬ ಗಿಡದ ಉದ್ದನೆಯ ಪೊಳ್ಳು ದಂಟಿನೊಳಗೆ ಕೆಂಡ ಅಡಗಿಸಿ ಭೂಮಿಗೆ ತಂದ. ಇದು ಬರೀ ಕವಿಕಲ್ಪನೆಯಲ್ಲ. ದೈತ್ಯ ಸೋಂಪಿನ ಜಾತಿಯ ಆ ಗಿಡದ ಒಳತಿರುಳು ಬೂದಿ ಮುಚ್ಚಿಕೊಂಡು ನಿಧಾನವಾಗಿ ಉರಿಯುತ್ತದೆ, ಹೊರಗಿನ ಸಿಪ್ಪೆ ಸುಡುವುದಿಲ್ಲ. ಮೆಡಿಟರೇನಿಯನ್ ದ್ವೀಪಗಳ ಜನ ಬೆಂಕಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯಲು ಅದನ್ನೇ ಬಳಸುತ್ತಿದ್ದರು. ಕಳ್ಳನಿಗೆ ಶಿಕ್ಷೆಯಾಯಿತು. ಅವನನ್ನು ಸರಪಳಿಯಲ್ಲಿ ಬಿಗಿದರು, ಹದ್ದೊಂದು ಹಗಲೆಲ್ಲ ಅವನ ಪಿತ್ತಜನಕಾಂಗ ಕುಕ್ಕಿ ತಿನ್ನುತ್ತಿತ್ತು, ರಾತ್ರಿ ಅದು ಮತ್ತೆ ಬೆಳೆಯುತ್ತಿತ್ತು. ಬೆಂಕಿ ಪಡೆದವರೂ ಶಿಕ್ಷೆಯಿಂದ ಪಾರಾಗಲಿಲ್ಲ. ಪಂಡೋರಾ ಎಂಬ ಹೆಣ್ಣು ಮತ್ತು ಅವಳ ಜಾಡಿ ಮನುಷ್ಯರ ಮನೆಗೆ ಬಂದವು; ದುಡಿಮೆ, ರೋಗ, ಮುಪ್ಪು ಹಿಂದೆಯೇ ಬಂದವು.

ಹೀಗೆ ಗ್ರೀಕರ ಮನಸ್ಸಿನಲ್ಲಿ ಒಲೆಯ ಬೆಂಕಿಗೆ ಒಂದು ಅಪರಾಧದ ವಾಸನೆ ಅಂಟಿಕೊಂಡಿತು. ಅಡುಗೆಗೆ ಕೂತಾಗಲೆಲ್ಲ ಮನುಷ್ಯ ಒಂದು ಹಳೆಯ ಕಳವಿನ ಫಲ ಉಣ್ಣುತ್ತಾನೆ. ದೇವರಿಗೂ ಅವನಿಗೂ ನಡುವೆ ಪಂಕ್ತಿ ಬೇರೆಯಾಯಿತು, ಪಾಲು ಬೇರೆಯಾಯಿತು.

ಕೊಡಗಿನ ಐನ್‌ಮನೆಯಲ್ಲಿ ಈ ಕಥೆ ಹೇಳಿದರೆ ಮೊದಲು ವಿಚಿತ್ರವಾಗಿ ಕೇಳುವುದು ಬೆಂಕಿಯ ಕಳವಲ್ಲ, ಮಾಂಸದ ಪಾಲು. ಕೊಡವರ ಒಕ್ಕವೊಂದು, ಅಂದರೆ ಒಂದೇ ಮೂಲದ ಕುಟುಂಬ, ವರ್ಷಕ್ಕೊಮ್ಮೆ ತನ್ನ ಹಿರಿಯರಿಗೆ, ಅಂದರೆ ಕಾರೋಣರಿಗೆ, ಎಡೆ ಕೊಡುತ್ತದೆ. ಅನ್ನ, ಕೋಳಿ, ಹಂದಿ ಮಾಂಸದ ಅಡುಗೆ, ಜೊತೆಗೆ ಮದ್ಯ. ಮನೆಯಲ್ಲಿ ಹಿರಿಯರ ನೆನಪಿಗೆ ಮೀದಿ ಇಡುವಾಗಲೂ ಹಾಗೆಯೇ: ಮನೆಯವರು ಉಣ್ಣುವ ಅಡುಗೆಯೇ ಬಾಳೆಲೆಯ ಮೇಲೆ ಹಿರಿಯರಿಗೆ. ಮೂಳೆ ಅವರಿಗೆ, ಮಾಂಸ ನಮಗೆ ಎಂಬ ಪಾಲಿಲ್ಲ. ಒಕ್ಕದ ಮೂಲಹಿರಿಯ ಗುರುಕಾರೋಣ ಉಂಡದ್ದನ್ನೇ ಮಕ್ಕಳು ಉಣ್ಣುತ್ತಾರೆ. ಕಾಚಂಪುಳಿ ಬಿದ್ದ ಕಪ್ಪನೆಯ ಪಂದಿಕರಿ ಸತ್ತವರಿಗೂ ಬದುಕಿದವರಿಗೂ ಒಂದೇ ಪಾತ್ರೆಯಿಂದ ಬರುತ್ತದೆ. ಹೆಸಿಯಡ್‌ನ ಲೋಕದಲ್ಲಿ ಅಡುಗೆ ಮೇಲಿನವರನ್ನೂ ಕೆಳಗಿನವರನ್ನೂ ಬೇರೆ ಮಾಡುತ್ತದೆ. ಇಲ್ಲಿ ಅದೇ ಅಡುಗೆ ಹೋದವರನ್ನು ಇರುವವರ ಜೊತೆ ಕೂರಿಸುತ್ತದೆ.

ಆ ಎಡೆಯ ಮುಂದೆ ಉರಿಯುವ ದೀಪವೇ ಈ ಬರಹದ ವಿಷಯ.

ಐನ್‌ಮನೆ ಎಂದರೆ ಒಕ್ಕದ ಮೂಲಮನೆ. ಒಬ್ಬನೇ ಮೂಲಪುರುಷನ ಸಂತತಿಯೆಂದು ನಂಬಿದ ಎಲ್ಲರದ್ದೂ ಅದು, ಯಾರೊಬ್ಬನದ್ದೂ ಅಲ್ಲ. ಮನೆಯ ನಡುವಿನ ಪಡಸಾಲೆಗೆ ನೆಲ್ಲಕ್ಕಿ ನಡುಬಾಡೆ ಎಂದು ಹೆಸರು. ಅಲ್ಲಿ ತೂಗುವ ದೀಪ ತೂಕ್‌ಬೊಳ್ಚ. ಬೆಳಿಗ್ಗೆ, ಸಂಜೆ ಅದನ್ನು ಹೊತ್ತಿಸಬೇಕು. ಹೊರಗೆ ಸ್ವಲ್ಪ ದೂರದಲ್ಲಿ ಕೈಮಡ, ಕಾರೋಣನ ಗುಡಿ. ಕೊಡವರ ಮನೆಯಲ್ಲಿ ಏನು ನಡೆದರೂ, ಹುಟ್ಟು, ನಾಮಕರಣ, ಮದುವೆ, ಆಸ್ತಿಯ ಮಾತು, ಹಬ್ಬ, ಅದು ಈ ದೀಪದ ಎದುರಿಗೇ ನಡೆಯಬೇಕು. ದೇವರ ಕೋಣೆಯಲ್ಲಿ ಕೈಮುಗಿಯುವ ಮೊದಲು ಇಲ್ಲಿ ಕೈಮುಗಿಯುವವರೇ ಹೆಚ್ಚು. ಹಬ್ಬಗಳಲ್ಲಿ ತಟ್ಟೆಯ ತುಂಬ ಅಕ್ಕಿ ಹರಡಿ ಅದರ ಮೇಲೆ ಹಣತೆ ಇಟ್ಟು ಹಿಡಿಯುವ ತಳಿಯತಕ್ಕಿ ಬೊಳ್ಚವೂ ಇದೇ ಬೆಳಕಿನ ಸಂಬಂಧಿ. ಅನ್ನವೂ ಬೆಳಕೂ ಒಂದೇ ತಟ್ಟೆಯಲ್ಲಿ.

ಹೊರಗಿನವರಿಗೆ ಬೇಗ ಕಣ್ಣಿಗೆ ಬೀಳುವುದು ಮದುವೆ. ಹೋಮಕುಂಡವಿಲ್ಲ, ಸಪ್ತಪದಿಯಿಲ್ಲ, ಮಂತ್ರ ಹೇಳಲು ಪುರೋಹಿತರಿಲ್ಲ. ವಧು ಅಥವಾ ವರ ಮೂರು ಕಾಲಿನ ಮಣೆಯಾದ ಮುಕ್ಕಾಲಿಯ ಮೇಲೆ ದೀಪದ ಮುಂದೆ ಕೂರುತ್ತಾರೆ. ಬಂದವರು ಒಬ್ಬೊಬ್ಬರಾಗಿ ಮಂಡಿಗೆ, ಭುಜಕ್ಕೆ, ತಲೆಗೆ ಅಕ್ಕಿ ಹಾಕಿ, ಕಿಂಡಿಯಿಂದ ಹಾಲು ಕುಡಿಸಿ, ಕೈಯಲ್ಲಿ ಉಡುಗೊರೆ ಇಟ್ಟು ಹರಸುತ್ತಾರೆ. ಎರಡೂ ಕಡೆಯ ಅರುವರು, ಅಂದರೆ ಕುಟುಂಬಗಳ ಪರವಾಗಿ ಮಾತಾಡುವ ಹಿರಿಯರು, ಹೆಣ್ಣಿಗೆ ಹೊಸ ಮನೆಯಲ್ಲಿ ಸಿಗುವ ಹಕ್ಕುಗಳನ್ನು ಸಾಕ್ಷಿಗಳ ಮುಂದೆ ಒಪ್ಪಿಸಿಕೊಳ್ಳುತ್ತಾರೆ. ಭಾರತದ ಬೇರೆಡೆ ಅಗ್ನಿಸಾಕ್ಷಿ ಎಂಬ ಮಾತು ಮದುವೆಗೇ ಪರ್ಯಾಯವಾಗಿದೆ. ಕೊಡವರಲ್ಲೂ ಸಾಕ್ಷಿ ಬೆಂಕಿಯೇ, ಆದರೆ ಅದು ಆ ದಿನಕ್ಕಾಗಿ ಮಂತ್ರದಿಂದ ಕರೆಸಿಕೊಂಡ ಬೆಂಕಿಯಲ್ಲ, ಅಜ್ಜಿಯ ಅಜ್ಜಿಯನ್ನೂ ಮದುಮಗಳಾಗಿ ಕಂಡ ಮನೆಯ ದೀಪ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಕುರಿತ ಗ್ರಂಥ ಜಗತ್ತಿಗೆ 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆಯನ್ನು ಪರಿಚಯಿಸಿತು. ಅದೇ ಸಮಾಜ ಮದುವೆಯ ವಿಷಯದಲ್ಲಿ ಸಂಸ್ಕೃತದ ಅಗ್ನಿಯನ್ನು ಒಳಗೆ ಬಿಟ್ಟುಕೊಳ್ಳದೆ ಉಳಿದದ್ದು ಗಮನಿಸಬೇಕಾದ ಸಂಗತಿ. ಅದಕ್ಕೂ ಮೊದಲೇ, 1924ರಲ್ಲಿ, ನಡಿಕೇರಿಯಂಡ ಚಿಣ್ಣಪ್ಪ ಹಾಡು, ಗಾದೆ, ಆಚಾರಗಳನ್ನು ಕಲೆಹಾಕಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ಈ ಪದ್ಧತಿಗಳನ್ನು ಬರಹಕ್ಕಿಳಿಸಿತ್ತು.

ವೇದದ ಅಗ್ನಿಗೂ ಗ್ರೀಕರ ಬೆಂಕಿಯಂತೆ ಒಂದು ಬರುವಿಕೆಯ ಕಥೆಯಿದೆ. ಋಗ್ವೇದದಲ್ಲಿ ಮಾತರಿಶ್ವನ್ ಎಂಬವನು ದೂರದಿಂದ, ಆಕಾಶದಿಂದ, ಅಗ್ನಿಯನ್ನು ಭೃಗುಗಳಿಗೆ ತಂದುಕೊಡುತ್ತಾನೆ. ಶತಪಥ ಬ್ರಾಹ್ಮಣದ ಕಥೆ ಇನ್ನೂ ಮನುಷ್ಯರದ್ದು. ಊರ್ವಶಿಯನ್ನು ಕಳೆದುಕೊಂಡ ಪುರೂರವನಿಗೆ ಗಂಧರ್ವರು ಒಂದು ಪಾತ್ರೆಯಲ್ಲಿ ಬೆಂಕಿ ಕೊಡುತ್ತಾರೆ. ಅವನು ಅದನ್ನು ಕಾಡಿನಲ್ಲಿಟ್ಟು ಮಗನನ್ನು ಊರಿಗೆ ಬಿಟ್ಟು ಬರುತ್ತಾನೆ. ಬಂದು ನೋಡಿದರೆ ಬೆಂಕಿ ಅರಳಿ ಮರವಾಗಿದೆ, ಪಾತ್ರೆ ಬನ್ನಿ ಮರವಾಗಿದೆ. ಯಜ್ಞದ ಅರಣಿಗೆ ಇವೇ ಮರಗಳು. ಇಲ್ಲಿ ಕಳವಿಲ್ಲ, ಆದರೆ ಎಚ್ಚರ ತಪ್ಪಿದ ಗಳಿಗೆಯಿದೆ. ಬೆಂಕಿಯನ್ನು ಬಿಟ್ಟು ಹೋದವನಿಗೆ ಅದು ಬೆಂಕಿಯಾಗಿ ಸಿಗಲಿಲ್ಲ, ಮತ್ತೆ ಕಡೆದೇ ಪಡೆಯಬೇಕಾಯಿತು.

ಕೊಡಗಿನಲ್ಲಿ ಮನೆಮನೆಗೂ ಗೊತ್ತಿರುವ ದೊಡ್ಡ ಕಥೆ ನೀರಿನದು. ಬ್ರಹ್ಮನ ಮಗಳಾಗಿ ಹುಟ್ಟಿ ಕವೇರ ಮುನಿಯ ಮನೆಯಲ್ಲಿ ಬೆಳೆದ ಕಾವೇರಿ, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದೆಂಬ ಷರತ್ತಿನ ಮೇಲೆ ಅಗಸ್ತ್ಯನ ಕೈಹಿಡಿದಳು. ಅವನು ಅವಳನ್ನು ಕಮಂಡಲದಲ್ಲಿ ಬಿಟ್ಟು ಸ್ನಾನಕ್ಕೆ ಹೋದ. ಮಾತು ಮುರಿದದ್ದಕ್ಕೆ ಅವಳು ಉಕ್ಕಿ ಹರಿದಳು. ಬಲಮುರಿಯಲ್ಲಿ ಕೊಡವರು ತಡೆಯಲು ನಿಂತಾಗ ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತು, ಇಂದಿಗೂ ಕೊಡವತಿಯರು ಹಾಗೆಯೇ ಉಡುತ್ತಾರೆ ಎನ್ನುತ್ತದೆ ಐತಿಹ್ಯ. ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವ ನೋಡಲು ಸಾವಿರಾರು ಜನ ಸೇರುತ್ತಾರೆ. ಹರದಾಸ ಅಪ್ಪಚ್ಚ ಕವಿ ಈ ಕಥೆಯನ್ನೇ ನಾಟಕ ಮಾಡಿದರು.

ಪ್ರೊಮಿಥಿಯಸ್ ಕಥೆಯಲ್ಲೂ ಕಾವೇರಿಯ ಕಥೆಯಲ್ಲೂ ಜೀವನಾಧಾರವಾದ ವಸ್ತು ಒಂದು ಟೊಳ್ಳಿನೊಳಗೆ ಬಂದಿಯಾಗಿದೆ. ಅಲ್ಲಿ ಗಿಡದ ದಂಟು, ಇಲ್ಲಿ ಕಮಂಡಲ. ಅಲ್ಲಿ ಒಬ್ಬ ಧೀರ ಅದನ್ನು ಕದ್ದು ಹೊತ್ತುಕೊಂಡು ಬರುತ್ತಾನೆ. ಇಲ್ಲಿ ಆ ವಸ್ತುವಿಗೇ ಮನಸ್ಸಿದೆ, ಮಾತಿದೆ, ಕೋಪವಿದೆ, ಅವಳೇ ಹೊರಡುತ್ತಾಳೆ. ಪ್ರಕೃತಿಯನ್ನು ಕಸಿದುಕೊಳ್ಳಬಹುದಾದ ಸಾಮಾನು ಎಂದು ನೋಡುವ ಕಥೆ ಮತ್ತು ತಾನಾಗಿ ಒಲಿಯಬೇಕಾದ ತಾಯಿ ಎಂದು ನೋಡುವ ಕಥೆಯ ನಡುವೆ ದೊಡ್ಡ ಅಂತರವಿದೆ. ಇಂದಿನ ಅಣೆಕಟ್ಟು, ಗಣಿ, ಗುಡ್ಡ ಅಗೆತದ ಕಾಲದಲ್ಲಿ ಈ ಅಂತರ ಪಂಡಿತರ ಚರ್ಚೆಗೆ ಸೇರಿದ್ದು ಮಾತ್ರವಲ್ಲ.

ಗ್ರೀಕರೆಲ್ಲರೂ ಕಳವಿನ ಕಥೆಯನ್ನೇ ನಂಬಿದ್ದರೆಂದು ತಿಳಿದರೆ ಅವರಿಗೆ ಅನ್ಯಾಯವಾಗುತ್ತದೆ. ಕ್ರಿಸ್ತಶಕ 2ನೇ ಶತಮಾನದಲ್ಲಿ ಗ್ರೀಸ್ ಸುತ್ತಿದ ಪೌಸೇನಿಯಸ್ ಆರ್ಗೊಸ್ ಊರಿಗೆ ಹೋದಾಗ ಅಲ್ಲಿ ಆರದ ಬೆಂಕಿಯೊಂದನ್ನು ಕಂಡ. ಬೆಂಕಿ ಕೊಟ್ಟದ್ದು ಪ್ರೊಮಿಥಿಯಸ್ ಅಲ್ಲ, ನಮ್ಮ ಮೂಲಪುರುಷ ಫೊರೋನಿಯಸ್ ಎಂದು ಊರಿನವರು ವಾದಿಸುತ್ತಿದ್ದರು. ಮೂಲಪುರುಷ ಕೊಟ್ಟ ಬೆಂಕಿ! ಕೊಡವರ ಒಕ್ಕಕ್ಕೆ ಆರ್ಗೊಸ್‌ನವರ ಈ ವಾದ ಕೂಡಲೇ ಅರ್ಥವಾಗುತ್ತಿತ್ತು. ಅಥೆನ್ಸಿನಲ್ಲಂತೂ ಸ್ವತಃ ಪ್ರೊಮಿಥಿಯಸ್‌ನ ಬಲಿಪೀಠದಿಂದ ಊರಿನತ್ತ ಪಂಜಿನ ಓಟ ನಡೆಯುತ್ತಿತ್ತು. ಅದರ ನಿಯಮ ಬಹಳ ಅರ್ಥಪೂರ್ಣ: ಮೊದಲು ಬಂದವನ ಪಂಜು ಆರಿದ್ದರೆ ಗೆಲುವು ಅವನದಲ್ಲ, ಎರಡನೆಯವನದು, ಅವನದೂ ಆರಿದ್ದರೆ ಮೂರನೆಯವನದು, ಎಲ್ಲರದೂ ಆರಿದ್ದರೆ ಯಾರೂ ಗೆಲ್ಲುವುದಿಲ್ಲ. ಕಳ್ಳನ ಹಬ್ಬದಲ್ಲೂ ಬಹುಮಾನ ಸಿಗುತ್ತಿದ್ದುದು ಕಾಯ್ದವನಿಗೆ.

ಲೆಮ್ನಾಸ್ ದ್ವೀಪದವರು ನಿಗದಿಯಾದ ಕಾಲಕ್ಕೆ ಒಂಬತ್ತು ದಿನ ಎಲ್ಲ ಒಲೆಗಳನ್ನೂ ಆರಿಸಿ, ಡೀಲಾಸ್‌ನಿಂದ ಹಡಗಿನಲ್ಲಿ ಹೊಸ ಬೆಂಕಿ ತರಿಸಿಕೊಳ್ಳುತ್ತಿದ್ದರು. ಹಡಗು ಬೇಗ ಬಂದರೂ ಅವಧಿ ಮುಗಿಯುವ ತನಕ ಕಡಲಲ್ಲೇ ಕಾಯಬೇಕು. ಕ್ರಿಸ್ತಪೂರ್ವ 479ರಲ್ಲಿ ಪ್ಲೇಟಿಯಾ ಯುದ್ಧ ಗೆದ್ದ ಮೇಲೆ, ಪರ್ಷಿಯನ್ನರಿಂದ ಮೈಲಿಗೆಯಾಯಿತೆಂದು ಆ ಸೀಮೆಯ ಬೆಂಕಿಯನ್ನೆಲ್ಲ ಆರಿಸಲಾಯಿತು. ಯೂಕಿಡಾಸ್ ಎಂಬವನು ಡೆಲ್ಫಿಗೆ ಓಡಿ, ಶುದ್ಧ ಬೆಂಕಿ ಹಿಡಿದು, ಅದೇ ದಿನ ಸೂರ್ಯಾಸ್ತದ ಮೊದಲು ಹಿಂದಿರುಗಿದ. ಸುಮಾರು 180 ಕಿಲೋಮೀಟರ್. ಊರವರ ಕೈಗೆ ಬೆಂಕಿ ಕೊಟ್ಟು ಕುಸಿದು ಸತ್ತ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಮನೆಯ ನಡುವಿನ ಒಲೆಗೆ ಹೆಸ್ಟಿಯಾ ಎಂಬ ದೇವತೆಯಿದ್ದಳು; ಊಟದಲ್ಲಿ ಮೊದಲ ತುತ್ತು ಅವಳಿಗೆ. ಊರಿನ ಹೆಸ್ಟಿಯಾ ಒಲೆಯಿಂದ ಕೆಂಡ ಒಯ್ದೇ ಹೊಸ ನೆಲೆಗಳನ್ನು ಕಟ್ಟುತ್ತಿದ್ದರು. ಕವಿಗಳು ಕಳವನ್ನು ಹಾಡಿದರು, ಜನ ಕಾಯುವಿಕೆಯನ್ನು ಬದುಕಿದರು.

ಯಾರು ಸರಿ ಎಂದು ಭೂಮಿಯನ್ನೇ ಕೇಳಬಹುದು. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯ ಮಣ್ಣಿನಲ್ಲಿ ಸುಟ್ಟ ಮೂಳೆಯ, ಸಸ್ಯಬೂದಿಯ ಕುರುಹುಗಳು ಸಿಕ್ಕಿರುವುದನ್ನು 2012ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವು ಸುಮಾರು 10 ಲಕ್ಷ ವರ್ಷ ಹಳೆಯವು. ಹೋಮೋ ಸೇಪಿಯನ್ಸ್ ಎಂಬ ನಮ್ಮ ಜಾತಿಗೆ ಸುಮಾರು 3 ಲಕ್ಷ ವರ್ಷ. ಅಂದರೆ ಮನುಷ್ಯ ಎಂದು ನಾವು ಕರೆಯುವ ಜೀವಿ ಕಣ್ಣುಬಿಡುವ ಹೊತ್ತಿಗೆ ಬೆಂಕಿ ಆಗಲೇ ಮನೆಯಲ್ಲಿತ್ತು. ನಮಗೆ ಅದನ್ನು ಕೊಟ್ಟವರು ಆಕಾಶದವರಲ್ಲ, ನಮ್ಮ ಮುಖವನ್ನೂ ಪೂರ್ತಿ ಹೋಲದ ಹಿರಿಯರು. ಮನುಕುಲಕ್ಕೆಲ್ಲ ಒಂದು ಕೈಮಡ ಕಟ್ಟುವುದಾದರೆ ಅಲ್ಲಿ ಇವರನ್ನೇ ಕೂರಿಸಬೇಕಾಗುತ್ತದೆ.

ಬೆಂಕಿ ಸಾಕೇ ಎಂಬ ಪ್ರಶ್ನೆಯನ್ನು ಎಲ್ಲರಿಗಿಂತ ಚೆನ್ನಾಗಿ ಎತ್ತಿದವನು ಪ್ಲೇಟೋ. ಅವನ 'ಪ್ರೊಟಾಗೊರಸ್' ಸಂವಾದದಲ್ಲಿ ಕಥೆ ಬೇರೆ ತಿರುವು ಪಡೆಯುತ್ತದೆ. ಎಪಿಮಿಥಿಯಸ್ ಉಗುರು, ತುಪ್ಪಳ, ರೆಕ್ಕೆಗಳನ್ನೆಲ್ಲ ಪ್ರಾಣಿಗಳಿಗೆ ಹಂಚಿ ಮುಗಿಸುತ್ತಾನೆ. ಮನುಷ್ಯ ಬೆತ್ತಲೆ ನಿಂತಿರುತ್ತಾನೆ. ಅಣ್ಣ ಪ್ರೊಮಿಥಿಯಸ್ ಕಮ್ಮಾರದೇವ ಹೆಫೆಸ್ಟಸ್‌ನ ಕುಲುಮೆಯಿಂದ ಬೆಂಕಿಯನ್ನೂ ಕಸುಬನ್ನೂ ಕದ್ದು ತಂದುಕೊಡುತ್ತಾನೆ. ಮನೆ, ಬಟ್ಟೆ, ಭಾಷೆ ಎಲ್ಲ ಬರುತ್ತವೆ. ಆದರೂ ಜನ ಒಟ್ಟಿಗೆ ಸೇರಿದೊಡನೆ ಒಬ್ಬರನ್ನೊಬ್ಬರು ಹೊಡೆದು ಚದುರಿಹೋಗುತ್ತಾರೆ. ಕೊನೆಗೆ ಜೀಯಸ್ ತಾನೇ ಕಳವಳಗೊಂಡು ಎರಡು ವಸ್ತುಗಳನ್ನು ಕಳಿಸುತ್ತಾನೆ: ನಾಚಿಕೆ ಮತ್ತು ನ್ಯಾಯ. ವೈದ್ಯ ಒಬ್ಬನಿದ್ದರೆ ಊರಿಗೆ ಸಾಕು, ಹಾಗೆಯೇ ಕಸುಬುಗಳನ್ನು ಹಂಚಿದ್ದಾಗಿದೆ. ಆದರೆ ಇವೆರಡು ಮಾತ್ರ ಪ್ರತಿಯೊಬ್ಬರಿಗೂ ಸಿಗಬೇಕು ಎಂದು ಅಪ್ಪಣೆಯಾಗುತ್ತದೆ.

ಪ್ಲೇಟೋ ಎರಡು ಬೇರೆ ಬೇರೆ ಕೈಗಳಿಂದ ಕೊಡಿಸಿದ್ದನ್ನು ನೆಲ್ಲಕ್ಕಿ ನಡುಬಾಡೆ ಒಂದೇ ಬತ್ತಿಯಲ್ಲಿ ಇಟ್ಟುಕೊಂಡಿದೆ. ಅಣ್ಣತಮ್ಮಂದಿರ ಗದ್ದೆಯ ವ್ಯಾಜ್ಯ, ಮದುವೆಯ ಒಪ್ಪಂದ, ಮುರಿದ ಸಂಬಂಧದ ಮಾತು ಹಿರಿಯರ ಮುಂದೆ ಬರುವುದು ಈ ದೀಪದ ಬಳಿ. ದೀಪದ ಮುಂದೆ ಆಡಿದ ಮಾತಿಗೆ ತಪ್ಪಿದರೆ ಕಾರೋಣ ಸುಮ್ಮನಿರುವುದಿಲ್ಲ ಎಂಬ ಭಯ ಹಳಬರಲ್ಲಿ ಗಟ್ಟಿ. ಕಾಗದಪತ್ರದ ಹಿಂದೆ ಅಡಗಬಹುದು. ಹುಟ್ಟಿದಾಗ ತನ್ನನ್ನು ಕಂಡ ಬೆಳಕಿನ ಹಿಂದೆ ಅಡಗುವುದು ಕಷ್ಟ. ನಾಚಿಕೆ ಎಂದು ಪ್ಲೇಟೋ ಹೇಳಿದ್ದು ಇದನ್ನೇ ಇರಬೇಕು. ಬೆಂಕಿ ಇಲ್ಲಿ ಸುಡಲು, ಬೇಯಿಸಲು ಇರುವ ಶಕ್ತಿ ಮಾತ್ರವಲ್ಲ, ನೋಡುತ್ತಿರುವ ಕಣ್ಣು.

ಹೆಫೆಸ್ಟಸ್‌ನ ಬೆಂಕಿಯೂ ಕೊಡಗಿನಲ್ಲಿದೆ. ಒಡಿಕತ್ತಿ, ಪೀಚೆಕತ್ತಿ ಮಾಡಿಕೊಟ್ಟವರು ಐರಿ ಜನ, ಕೊಡಗಿನ ಕಮ್ಮಾರರು, ಬಡಗಿಗಳು. ಗದ್ದೆ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನು ದೀಪದ ಬಳಿ ಇಟ್ಟು ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಜ್ವಾಲೆಯಂತೆ ಮೇಲಕ್ಕೆ ಸೆಟೆದ ಕೆಂಪು ಹಳದಿ ಎಸಳುಗಳ ಆ ಹೂವಿಗೆ ಅಗ್ನಿಶಿಖೆ ಎಂಬ ಹೆಸರೂ ಇದೆ. ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು, ಸಾವಾದರೆ ಎರಡು. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರಿಗೆ ಆಯುಧ ಕಾನೂನಿನಿಂದ ಕೊಟ್ಟ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ತನಕ, ವಿಸ್ತರಿಸಿತು. ಆಯುಧ ದೀಪದ ಮುಂದೆ ಒಮ್ಮೆಯಾದರೂ ತಲೆತಗ್ಗಿಸಿ ಕೂರಬೇಕೆಂಬ ಕಟ್ಟಳೆಯಲ್ಲಿ ಪ್ಲೇಟೋ ಒಪ್ಪುವಂಥ ವಿವೇಕವಿದೆ.

ಹುತ್ತರಿಯ ರಾತ್ರಿ ಇದೆಲ್ಲ ಒಟ್ಟಾಗಿ ಕಾಣುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ನಿಶ್ಚಯವಾದ ಮುಹೂರ್ತಕ್ಕೆ, ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆಯ ಆಸುಪಾಸಿನಲ್ಲಿ, ದೂರದೂರಿಗೆ ಚದುರಿದ ಒಕ್ಕದವರು ಐನ್‌ಮನೆಗೆ ಬರುತ್ತಾರೆ. ನಡುಬಾಡೆಯಲ್ಲಿ ಅರಳಿ, ಮಾವು ಮೊದಲಾದ ಐದು ಮರಗಳ ಎಲೆ ಸೇರಿಸಿ ನೆರೆ ಕಟ್ಟುತ್ತಾರೆ. ಪುರೂರವನ ಬೆಂಕಿ ಅಡಗಿದ್ದ ಅರಳಿ ಇಲ್ಲಿ ಕಡೆಯಲು ಬಂದಿಲ್ಲ, ಕದಿರಿಗೆ ಜೊತೆಯಾಗಲು ಬಂದಿದೆ. ದೀಪ ಮುಂದಿಟ್ಟುಕೊಂಡು ಗದ್ದೆಗೆ ಹೋಗಿ, ಗುಂಡು ಹಾರಿಸಿ, 'ಪೊಲಿ ಪೊಲಿ ದೇವಾ' ಎಂದು ಕೂಗುತ್ತ ಕದಿರು ಕೊಯ್ಯುತ್ತಾರೆ. ಹೊಸ ಕದಿರು ಮನೆಗೆ ಬಂದು ತೂಕ್‌ಬೊಳ್ಚಕ್ಕೂ ಕಟ್ಟಿಸಿಕೊಳ್ಳುತ್ತದೆ. ಲೆಮ್ನಾಸ್‌ನವರು ಹೊರಗಿನಿಂದ ಬೆಂಕಿ ತಂದು ಮನೆ ಹೊಸದಾಗಿಸಿಕೊಂಡರು. ಇಲ್ಲಿ ಮನೆಯ ಬೆಂಕಿಯೇ ಹೊರಗೆ ಹೋಗಿ ಅನ್ನವನ್ನು ಕರೆದುಕೊಂಡು ಬರುತ್ತದೆ.

ಇಷ್ಟು ಹೇಳಿದ ಮೇಲೆ ಪ್ರೊಮಿಥಿಯಸ್‌ನ ಪರವಾಗಿ ಒಂದು ಮಾತು ಹೇಳಲೇಬೇಕು. ಕಾಯ್ದ ದೀಪ ಯಾರದ್ದು? ಒಕ್ಕದ್ದು. ನಡುಬಾಡೆಯ ಹೊರಗೆ ನಿಂತವರ ಕಥೆಯೂ ಕೊಡಗಿನ ಕಥೆಯೇ. ಒಕ್ಕಗಳ ವಂಶಪಾರಂಪರ್ಯದ ಜಮ್ಮಾ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ದುಡಿದ ಯರವರು 19ನೇ ಶತಮಾನದ ದಾಖಲೆಗಳಲ್ಲಿ ಜೀತದವರಾಗಿ ಕಾಣುತ್ತಾರೆ. ಕಾಡು ಸವರಿ ಸುಟ್ಟು ಬೂದಿಯಲ್ಲಿ ಬಿತ್ತುವ ಕುಮರಿ ಬೇಸಾಯವನ್ನು ಬ್ರಿಟಿಷ್ ಅರಣ್ಯ ಆಡಳಿತ ಹತ್ತಿಕ್ಕಿತು. ಹೊಗೆ ಹಾಕಿ ಹೆಜ್ಜೇನು ಇಳಿಸುವ ವಿದ್ಯೆಯ ಜೇನುಕುರುಬರು ನಾಗರಹೊಳೆಯ ಕಾಡಿನಿಂದ ಹೊರಬೀಳಬೇಕಾಯಿತು. ಅವರ ಹಾಡಿಗಳಲ್ಲೂ ಬೆಂಕಿಯಿತ್ತು, ಹಿರಿಯರಿದ್ದರು. ಅವರ ಬೆಂಕಿಗೆ ಪಟ್ಟಾ ಇರಲಿಲ್ಲ. ಪರಂಪರೆಯಾಗಿ ಬಂದ ಬೆಳಕು ಬೆಚ್ಚಗಿರುತ್ತದೆ, ಆದರೆ ಅದಕ್ಕೆ ಗೋಡೆಯೂ ಇರುತ್ತದೆ. ಪ್ರೊಮಿಥಿಯಸ್ ಯಾವ ಒಕ್ಕಕ್ಕೂ ಬೆಂಕಿ ಕೊಡಲಿಲ್ಲ. ಮನುಷ್ಯ ಎಂಬ ಒಂದೇ ಹೆಸರಿಗೆ ಕೊಟ್ಟ, ಅದಕ್ಕಾಗಿ ಮೈ ಹರಿಸಿಕೊಂಡ. ಈಸ್ಕಿಲಸ್ ಹೆಸರಿನಲ್ಲಿರುವ 'ಬಂಧಿತ ಪ್ರೊಮಿಥಿಯಸ್' ನಾಟಕದಲ್ಲಿ ಅವನು ಬೆಂಕಿಯ ಜೊತೆಗೆ ಇನ್ನೊಂದನ್ನೂ ಕೊಟ್ಟೆನೆನ್ನುತ್ತಾನೆ: ತಮ್ಮ ಸಾವನ್ನು ಮುಂಚೆಯೇ ಕಾಣದಂತೆ ಮನುಷ್ಯರ ಎದೆಯಲ್ಲಿ ಕುರುಡು ಭರವಸೆಗಳನ್ನು ನೆಟ್ಟೆ ಎಂದು. ಕದಿಯದೆ ಸಿಗದ ನ್ಯಾಯಗಳೂ ಲೋಕದಲ್ಲಿವೆ.

ಗೋಡೆ ಮುರಿಯುವ ಬೆಂಕಿಯೂ ಕೊಡಗಿಗೆ ಗೊತ್ತು. ಭಾಗಮಂಡಲದ ಆಚೀಚೆ, ಸುಳ್ಯ, ಕಾಸರಗೋಡಿನ ಅಂಚಿನ ಊರುಗಳಲ್ಲಿ ವಿಷ್ಣುಮೂರ್ತಿಯ ತೆರೆ ಕಟ್ಟುತ್ತಾರೆ, ಅಂದರೆ ಆ ದೈವದ ವೇಷ ಧರಿಸಿ ಕುಣಿಯುತ್ತಾರೆ. ಕೆಲವೆಡೆ ಒತ್ತೆಕೋಲ ಎನ್ನುತ್ತಾರೆ. ರಾತ್ರಿ ಸೌದೆಯ ದೊಡ್ಡ ರಾಶಿಗೆ, ಮೇಲೇರಿಗೆ, ಬೆಂಕಿ ಬೀಳುತ್ತದೆ. ಬೆಳಗಿನ ಜಾವಕ್ಕೆ ಅದು ಕೆಂಡದ ಗುಡ್ಡೆ. ತೆಂಗಿನ ಎಳೆಗರಿಯ ಉಡುಗೆ ತೊಟ್ಟ ದೈವ ಅದರ ಮೇಲೆ ಮೈಚೆಲ್ಲುತ್ತದೆ, ಜೊತೆಯವರು ಎಳೆದು ಎತ್ತುತ್ತಾರೆ, ದೈವ ಮತ್ತೆ ಬೀಳುತ್ತದೆ. ಹಿರಣ್ಯಕಶಿಪುವನ್ನು ಕೊಂದ ನರಸಿಂಹನನ್ನು ಎಲ್ಲ ದೇವತೆಗಳೂ ಹೊಗಳಿದಾಗ ಅಗ್ನಿ ಮಾತ್ರ ಹೀಗಳೆದನಂತೆ. ಅವನ ಸೊಕ್ಕು ಮುರಿಯಲು ದೇವರು ಬೆಂಕಿಗೇ ಹಾರಿದ. ಅದರ ಜೊತೆ ಹೆಣೆದುಕೊಂಡಿರುವುದು ನೀಲೇಶ್ವರದ ಪಾಲಂತಾಯಿ ಕಣ್ಣನ್ ಎಂಬ ದನಗಾಹಿ ಹುಡುಗನ ಕಥೆ. ಒಂದು ಮಾವಿನಹಣ್ಣಿನ ಕಾರಣಕ್ಕೆ ಒಡೆಯ ಕುರುವಾಟ್ಟು ಕುರುಪ್ಪನ ಕೋಪಕ್ಕೆ ಸಿಕ್ಕಿ ಮಂಗಳೂರಿಗೆ ಓಡಿಹೋದ ಅವನು, ವರ್ಷಗಳ ನಂತರ ವಿಷ್ಣುಮೂರ್ತಿಯ ಭಕ್ತನಾಗಿ ಮರಳಿ ಬಂದಾಗ ಅದೇ ಕುರುಪ್ಪನ ಕತ್ತಿಗೆ ಬಲಿಯಾದ. ಆಮೇಲೆ ಒಡೆಯನ ಮನೆಯ ಮೇಲೆ ಬಂದ ಕೇಡು ದೈವವನ್ನು ನೆಲೆಗೊಳಿಸಿದ ಮೇಲಷ್ಟೇ ಶಾಂತವಾಯಿತು. ಹಣ್ಣಿನ ನೆಪಕ್ಕೆ ಅಪರಾಧಿಯಾದ ಬಡವನ ಪರ ನಿಂತ ದೇವರು, ಅಗ್ನಿಯನ್ನು ತುಳಿಯುವ ದೇವರು. ಆ ದೇವರಾಗಿ ಕೆಂಡಕ್ಕೆ ಬೀಳುವವನು ಹಿಂದೆ ಅಂಗಳದ ಆಚೆಯೇ ನಿಲ್ಲಬೇಕಿದ್ದ ಮಲಯ ಸಮುದಾಯದವನು. ಆ ಬೆಳಗಿನ ಜಾವ ಜಮೀನುದಾರರು ಕೈಮುಗಿದು ಅವನ ನುಡಿಗೆ ಕಾಯುತ್ತಾರೆ.

ದೀಪ ಮತ್ತು ಮೇಲೇರಿ, ಎರಡನ್ನೂ ಒಂದೇ ನಾಡು ಹೊತ್ತಿಸಿಕೊಂಡು ಬಂದಿದೆ. ಒಂದು ಯಾರು ನಿನ್ನವರು ಎಂದು ಕೇಳುತ್ತದೆ. ಇನ್ನೊಂದು ಯಾರನ್ನು ಹೊರಗಿಟ್ಟೆ ಎಂದು ಕೇಳುತ್ತದೆ. ಗ್ರೀಕರಿಗೂ ಹೆಸ್ಟಿಯಾ ಮತ್ತು ಪ್ರೊಮಿಥಿಯಸ್ ಇಬ್ಬರೂ ಬೇಕಾಗಿದ್ದರು.

ಈಗ ಎಷ್ಟೋ ಐನ್‌ಮನೆಗಳಲ್ಲಿ ವಾಸಕ್ಕೆ ಇರುವುದು ಒಂದೇ ಸಂಸಾರ, ಕೆಲವೆಡೆ ವಯಸ್ಸಾದ ಇಬ್ಬರೇ. ಉಳಿದವರು ಮೈಸೂರು, ಬೆಂಗಳೂರು, ಸೇನೆ, ವಿದೇಶ. ಸೌದೆ ಒಲೆ ಹೋಗಿ ಗ್ಯಾಸ್ ಬಂದಿದೆ, ಒಲೆಯ ಮೇಲೆ ಮಾಂಸ ಒಣಗಿಸುವ ಹೊಗೆ ಕಡಿಮೆಯಾಗಿದೆ. ತೂಕ್‌ಬೊಳ್ಚ ಮಾತ್ರ ಸಂಜೆಗೆ ಎಣ್ಣೆ ಕೇಳುತ್ತದೆ. ಆದ್ದರಿಂದ ಒಕ್ಕದ ವಾರ್ಷಿಕ ಸಭೆಯಲ್ಲಿ ಛಾವಣಿ ದುರಸ್ತಿ, ಕೈಮಡದ ಖರ್ಚುಗಳ ಜೊತೆಗೆ ಹಿಂದಿನ ತಲೆಮಾರು ಕೇಳಬೇಕಾಗಿರದ ಪ್ರಶ್ನೆಗಳೂ ಎದ್ದು ನಿಲ್ಲುತ್ತವೆ: ದಿನವೂ ದೀಪ ಹಚ್ಚಲು ಯಾರಿರುತ್ತಾರೆ, ಅವರಿಗೆ ಒಕ್ಕ ಏನು ಕೊಡುತ್ತದೆ, ಮದುವೆಯಾಗಿ ಬೇರೆ ಒಕ್ಕಕ್ಕೆ ಹೋದ ಮಗಳು ಹಿಂದಿರುಗಿ ಬಂದು ಹಚ್ಚಬಹುದೇ, ದುಡಿಯಲು ಬಂದು ಲೈನ್‌ಮನೆಯಲ್ಲಿರುವ ಸಂಸಾರ ಹಚ್ಚಬಹುದೇ. ಕಳ್ಳನೂ ಕಾವಲುಗಾರನೂ ಎದುರುಬದುರಾಗಿ ಕೂತು ಉತ್ತರಿಸಬೇಕಾದ ಪ್ರಶ್ನೆಗಳು ಇವು; ಕೆಲವು ಒಕ್ಕಗಳು ಈಗಲೇ ಉತ್ತರ ಹುಡುಕತೊಡಗಿವೆ, ಒಂದೊಂದು ಮನೆಯದ್ದು ಒಂದೊಂದು ಬಗೆ.